ಪೆಟ್ಟಿಗೆ ಮೇಲಿನ 525 ನೋಡಿ ಮರುಳಾಗಬೇಡಿ

ಕಳೆದ ಚಳಿಗಾಲದ ಒಂದು ಸಂಜೆ, ಮಗ್‌ರಿಬ್ ನಂತರದ ಕ್ಲಾಸಿಗೆ ಎಂಟನೇ ತರಗತಿಯ ಒಬ್ಬ ಹುಡುಗ ಕಿತಾಬಿನ ಜೊತೆ ಉದ್ದದ ಒಂದು ಪೆಟ್ಟಿಗೆಯನ್ನೂ ಕಂಕುಳಲ್ಲಿಟ್ಟುಕೊಂಡು ಬಂದ. ಕ್ಲಾಸ್ ಮುಗಿದು ಉಳಿದವರೆಲ್ಲ ಹೋಗುವವರೆಗೆ ಕಾದು ನಿಂತ. ಆಮೇಲೆ ಹತ್ತಿರ ಬಂದು, “ಉಸ್ತಾದ್, ಇದ್ರಲ್ಲಿ ಎಂತದೂ ಕಾಣುದಿಲ್ಲ. ನಂಗೇ ನೋಡ್ಲಿಕ್ಕೆ ಗೊತ್ತಾಗುದಿಲ್ವೋ ಏನೋ” ಅಂದ. ಪೆಟ್ಟಿಗೆಯಲ್ಲಿದ್ದದ್ದು ಟೆಲಿಸ್ಕೋಪ್. ದಮ್ಮಾಮಿನಲ್ಲಿ ಕೆಲಸ ಮಾಡುವ ಅವನ ಉಪ್ಪ, ರಜೆಯಲ್ಲಿ ಊರಿಗೆ ಬರುವವರ ಕೈಯಲ್ಲಿ ಕಳಿಸಿದ್ದರು. ಪೆಟ್ಟಿಗೆಯ ಮೇಲೆ ಬಣ್ಣಬಣ್ಣದ ಶನಿಗ್ರಹ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 525 ಎಕ್ಸ್.

ನಾನು ಮದ್ರಸದಲ್ಲಿ ಪಾಠ ಹೇಳುವವ. ಪಿಯುಸಿಯಿಂದ ಮೇಲೆ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಆದರೆ ಆಕಾಶ ನೋಡುವ ಹುಚ್ಚು ಇಪ್ಪತ್ತು ವರ್ಷದಿಂದ ಉಂಟು, ಅದು ಊರಿಗೂ ಗೊತ್ತು. ಹುಡುಗನ ಮನೆಯಲ್ಲಿ ಆಗಲೇ ಮಾತು ಬಂದಿತ್ತು. “ಉಪ್ಪ ಬೆವರು ಸುರಿಸಿ ಕಳಿಸಿದ್ದು, ನಿಂಗೆ ಎರಡು ದಿನದ ಆಟ” ಅಂತ ಉಮ್ಮ ಬೈದಿದ್ದರಂತೆ. ಪಾಪ, ಅವರದ್ದೂ ತಪ್ಪಿಲ್ಲ, ಮಗನದ್ದೂ ತಪ್ಪಿಲ್ಲ. ತಪ್ಪು ಇದ್ದದ್ದು ಆ 525ರಲ್ಲಿ.

ಅದರ ಲೆಕ್ಕ ಹೀಗೆ. ಟೆಲಿಸ್ಕೋಪಿನ ಫೋಕಲ್ ಲೆಂಗ್ತನ್ನು ನಾವು ಕಣ್ಣಿಡುವ ಐಪೀಸಿನ ಫೋಕಲ್ ಲೆಂಗ್ತಿನಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಸಿಗುತ್ತದೆ. ಇವನದ್ದು 60 ಮಿಲಿಮೀಟರ್ ಅಗಲದ ಲೆನ್ಸ್, 700 ಮಿ.ಮೀ. ಫೋಕಲ್ ಲೆಂಗ್ತ್. ಜೊತೆಗೆ 20 ಮತ್ತು 4 ಮಿ.ಮೀ.ನ ಎರಡು ಐಪೀಸ್, ಮೂರು ಪಟ್ಟು ಮಾಡುವ ಒಂದು ಬಾರ್ಲೋ ಲೆನ್ಸ್. 700ನ್ನು 4ರಿಂದ ಭಾಗಿಸಿ, 175. ಬಾರ್ಲೋ ಸಿಕ್ಕಿಸಿದರೆ ಅದರ ಮೂರು ಪಟ್ಟು, 525. ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಒಂದು ಟೆಲಿಸ್ಕೋಪ್ ಎಷ್ಟು ದೊಡ್ಡದು ಮಾಡಿ ತೋರಿಸಬಹುದು ಎಂಬುದಕ್ಕೆ ಮಿತಿ ಉಂಟು: ಲೆನ್ಸಿನ ಅಗಲ ಎಷ್ಟು ಮಿ.ಮೀ.ಯೋ ಅದರ ಎರಡು ಪಟ್ಟು, ಹೆಚ್ಚೆಂದರೆ. 60ಕ್ಕೆ 120. ಅದರಿಂದ ಮೇಲೆ ಹೋದರೆ ಒಂದು ಲೋಟ ಹಾಲಿಗೆ ಬಿಂದಿಗೆ ನೀರು ಸುರಿದು ಇಪ್ಪತ್ತು ಜನಕ್ಕೆ ಚಾ ಕೊಟ್ಟ ಹಾಗೆ. ಬೆಳಕು ಅಷ್ಟೇ, ಹರಡಿದ್ದು ಮಾತ್ರ ಜಾಸ್ತಿ. ಕಾಣುವುದು ಮಬ್ಬು, ಕತ್ತಲೆ.

ಹುಡುಗ ಮಾಡಿದ್ದು ಯಾರೂ ಮಾಡುವಂಥದ್ದೇ. 4 ಮಿ.ಮೀ. ಐಪೀಸಿಗೆ ಬಾರ್ಲೋ ಹಾಕಿ ನೇರ 525ಕ್ಕೇ ಹೋಗಿದ್ದ. ಟ್ರೈಪಾಡ್ ಬೇರೆ ಅಲ್ಯೂಮಿನಿಯಂ ಕಡ್ಡಿಯ ಹಾಗೆ. ಬೆರಳು ತಾಗಿದರೆ ಸಾಕು, ಚಂದ್ರ ಓಡಿಹೋಗುತ್ತಾನೆ.

ಇಶಾ ಮುಗಿಸಿ ಇಬ್ಬರೂ ಟೆರೇಸಿಗೆ ಹೋದೆವು. ಬಾರ್ಲೋ ತೆಗೆದು ಪೆಟ್ಟಿಗೆಗೆ ಹಾಕಿದೆ. 20ರ ಐಪೀಸ್ ಸಿಕ್ಕಿಸಿದೆವು, ಅಂದರೆ 35 ಪಟ್ಟು. ಒಂದು ತೊಟ್ಟೆಗೆ ಕಲ್ಲು ತುಂಬಿಸಿ ಟ್ರೈಪಾಡಿನ ನಡುವಿಗೆ ನೇತು ಹಾಕಿದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿದ ಚಂದ್ರ ಇದ್ದ. ಬೆಳಕು ಕತ್ತಲೆ ಸೇರುವ ಗೆರೆಯಲ್ಲಿ ಗುಂಡಿಗಳು ಚೆನ್ನಾಗಿ ಕಾಣುತ್ತವೆ. ಹುಡುಗ ನೋಡಿದವ ಎಷ್ಟು ಹೊತ್ತಾದರೂ ಕಣ್ಣು ತೆಗೆಯಲಿಲ್ಲ. ಆಮೇಲೆ ಗುರುಗ್ರಹ, ಪಕ್ಕದಲ್ಲಿ ಸಾಲಾಗಿ ಮೂರು ಚುಕ್ಕಿ. ಗೆಲಿಲಿಯೋ 1610ರ ಜನವರಿಯಲ್ಲಿ ಗುರುವಿನ ಚಂದ್ರರನ್ನು ನೋಡಿದ್ದು ಸುಮಾರು 20 ಪಟ್ಟಿನ ಟೆಲಿಸ್ಕೋಪಿನಲ್ಲಿ. “ನಿನ್ನದು ಅವನದ್ದಕ್ಕಿಂತ ಒಳ್ಳೆಯದು ಮೋನು” ಅಂದೆ.

ಮರುದಿನ ಅವನ ಉಪ್ಪನಿಂದ ವಾಯ್ಸ್ ಮೆಸೇಜ್ ಬಂತು. “ಉಸ್ತಾದರೇ, ಅವ ಫೋನಿನಲ್ಲಿ ಒಂದು ಗಂಟೆ ಅದನ್ನೇ ಹೇಳಿದ. ಒಳ್ಳೆದೊಂದು ತೆಗೆದುಕೊಡುವ ಅಂತ ಉಂಟು. ಇಪ್ಪತ್ತು ಸಾವಿರದ ಒಳಗೆ ಆಗ್ಬೇಕು. ಇನ್ನೊಂದು ಸಲ ಮೋಸ ಹೋಗುದು ಬೇಡ.” ಅವರಿಗೆ ನಾನು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಟೆಲಿಸ್ಕೋಪ್ ತೆಗೆದುಕೊಡುವ ಯೋಚನೆ ಇನ್ನೂ ಹಲವು ಮನೆಯಲ್ಲಿ ಇರಬಹುದು.

ಅಂಗಡಿಯವನಲ್ಲಿ “ಎಷ್ಟು ಪಟ್ಟು?” ಅಂತ ಕೇಳಲೇಬೇಡಿ. “ಅಗಲ ಎಷ್ಟು?” ಅಂತ ಕೇಳಿ. ಮುಂದಿನ ಲೆನ್ಸ್ ಅಥವಾ ಒಳಗಿನ ಕನ್ನಡಿಯ ಅಗಲಕ್ಕೆ ಅಪರ್ಚರ್ ಅನ್ನುತ್ತಾರೆ. ಮಳೆನೀರು ಹಿಡಿಯಲು ಲೋಟ ಇಡುವುದಕ್ಕೂ ಬಾಲ್ದಿ ಇಡುವುದಕ್ಕೂ ವ್ಯತ್ಯಾಸ ಇಲ್ಲವೇ, ಹಾಗೆ. ಅಗಲ ಎರಡು ಪಟ್ಟಾದರೆ ಬೆಳಕು ನಾಲ್ಕು ಪಟ್ಟು. 60ರಿಂದ 130 ಮಿ.ಮೀ.ಗೆ ಹೋದರೆ ಬೆಳಕು ನಾಲ್ಕೂವರೆ ಪಟ್ಟಿಗಿಂತ ಹೆಚ್ಚು. ಇಷ್ಟು ಅಗಲದ ಒಳ್ಳೆಯ ಲೆನ್ಸ್ ದುಬಾರಿ, ಕನ್ನಡಿ ಅಗ್ಗ. ಆದ್ದರಿಂದ ಕಡಿಮೆ ಹಣದಲ್ಲಿ ದೊಡ್ಡ ಅಗಲ ಬೇಕಾದರೆ ಕನ್ನಡಿಯದ್ದೇ ಸರಿ. ನ್ಯೂಟನ್ 1668ರಲ್ಲಿ ಮಾಡಿದ ಮಾದರಿ ಅದು, ಇವತ್ತಿಗೂ ನಡೆಯುತ್ತಿದೆ.

ಆದರೆ ಕನ್ನಡಿಯದ್ದೆಲ್ಲ ಒಳ್ಳೆಯದಲ್ಲ. ನಾನೇ ಬಿದ್ದವ. ಕೆಲವು ವರ್ಷದ ಹಿಂದೆ ಆನ್‌ಲೈನಿನಲ್ಲಿ 127 ಮಿ.ಮೀ.ನದ್ದು ಒಂದು ಸಿಕ್ಕಿತು, ರೇಟೂ ಕಮ್ಮಿ. ಅಗಲ ನೋಡಿ ಹಣ ಕಟ್ಟಿಬಿಟ್ಟೆ. ಕೊಳವೆ ಅರ್ಧ ಮೀಟರ್ ಉದ್ದ, ಅದರ ಮೇಲೆ ಬರೆದ ಫೋಕಲ್ ಲೆಂಗ್ತ್ 1000 ಮಿ.ಮೀ. ಅಷ್ಟು ಗಿಡ್ಡ ಕೊಳವೆಯಲ್ಲಿ 1000 ಹೇಗೆ ಬಂತು? ಐಪೀಸ್ ಕೂರುವ ಜಾಗದ ಒಳಗೆ ಒಂದು ಲೆನ್ಸ್ ಅಡಗಿಸಿಟ್ಟಿರುತ್ತಾರೆ. ಕನ್ನಡಿಯೂ ಸುಲಭದಲ್ಲಿ ತಯಾರಾಗುವ ಗೋಳದ ಆಕಾರದ್ದು. ಎಷ್ಟು ತಿರುಗಿಸಿದರೂ ಶನಿ ಒಂದು ಸಲ ಸರಿಯಾಗಿ ಫೋಕಸ್ ಆಗಲಿಲ್ಲ. ನ್ಯೂಟನ್ ಮಾದರಿಯಲ್ಲಿ ಕೊಳವೆಯ ಉದ್ದ ಮತ್ತು ಫೋಕಲ್ ಲೆಂಗ್ತ್ ಹೆಚ್ಚುಕಮ್ಮಿ ಒಂದೇ ಇರಬೇಕು. ಅರ್ಧಕ್ಕೆ ಅರ್ಧ ವ್ಯತ್ಯಾಸ ಕಂಡರೆ ಬಿಟ್ಟುಬಿಡಿ.

ಅದರ ಸ್ಟ್ಯಾಂಡ್ ಇನ್ನೊಂದು ತಲೆಬಿಸಿ. ಈಕ್ವೆಟೋರಿಯಲ್ ಎಂಬ ಜಾತಿ, ಬದಿಯಲ್ಲಿ ಕಬ್ಬಿಣದ ತೂಕ ನೇತಾಡುತ್ತದೆ, ನೋಡಲು ಗತ್ತು. ಅದನ್ನು ಮೊದಲು ಧ್ರುವ ನಕ್ಷತ್ರಕ್ಕೆ ಸರಿಮಾಡಿ ಇಡಬೇಕು. ನಮ್ಮ ಮಂಗಳೂರಿನಲ್ಲಿ ಧ್ರುವ ಇರುವುದು ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ನನ್ನ ಮನೆಯಿಂದ ನೋಡಿದರೆ ಪಕ್ಕದವರ ತೆಂಗಿನ ಮರದ ಹಿಂದೆ! ಆ ಟೆಲಿಸ್ಕೋಪ್ ಈಗಲೂ ಅಟ್ಟದಲ್ಲಿ ಉಂಟು. ಮಾರಲು ಮನಸ್ಸು ಬರುವುದಿಲ್ಲ, ಇನ್ನೊಬ್ಬರ ತಲೆಗೆ ಕಟ್ಟಿದ ಹಾಗಾಗುತ್ತದೆ.

ಸ್ಟ್ಯಾಂಡಿನ ಕಷ್ಟವನ್ನು ಬಿಡಿಸಿದ್ದು ಜಾನ್ ಡಾಬ್ಸನ್ ಎಂಬವರು. ಇವರ ಕಥೆ ನನಗೆ ಬಹಳ ಇಷ್ಟ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಸೊಸೈಟಿಯ ಮಠದಲ್ಲಿ ಸನ್ಯಾಸಿಯಾಗಿದ್ದವರು. ಕೈಯಲ್ಲಿ ಕಾಸಿಲ್ಲ. ಹಳೆ ಹಡಗಿನ ಕಿಟಕಿಯ ದಪ್ಪ ಗಾಜನ್ನು ಉಜ್ಜಿ ಕನ್ನಡಿ ಮಾಡಿದರು, ರಟ್ಟಿನ ಕೊಳವೆಗೆ ಕೂರಿಸಿದರು, ಪ್ಲೈವುಡ್ಡಿನ ಪೆಟ್ಟಿಗೆಯ ಮೇಲೆ ಫಿರಂಗಿಯ ಹಾಗೆ ಇಟ್ಟರು. ಮೇಲೆ ಕೆಳಗೆ, ಎಡ ಬಲ, ಕೈಯಿಂದ ತಳ್ಳಿದರೆ ಆಯಿತು. 1967ರಲ್ಲಿ ಮಠದಿಂದ ಹೊರಬಿದ್ದರು. 1968ರಿಂದ ಸಂಗಡಿಗರನ್ನು ಸೇರಿಸಿ ಫುಟ್‌ಪಾತಿನಲ್ಲಿ ಟೆಲಿಸ್ಕೋಪ್ ಇಟ್ಟು ದಾರಿಯಲ್ಲಿ ಹೋಗುವವರಿಗೆ ಪುಕ್ಕಟೆ ಆಕಾಶ ತೋರಿಸಿದರು. 2014ರಲ್ಲಿ ತೀರಿಕೊಂಡರು. ಇವತ್ತು ಡಾಬ್ಸೋನಿಯನ್ ಎಂದು ಮಾರುವುದು ಆ ಪೆಟ್ಟಿಗೆಯ ಮಾದರಿಯನ್ನೇ. ನೀವು ಕೊಟ್ಟ ಹಣ ಸ್ಟ್ಯಾಂಡಿಗೆ ಹೋಗದೆ ಕನ್ನಡಿಗೆ ಹೋಗುತ್ತದೆ.

ಹಾಗಾಗಿ ಆ ಉಪ್ಪನಿಗೆ ನಾನು ಹೇಳಿದ್ದು: 130 ಮಿ.ಮೀ. ಅಗಲ, 650 ಮಿ.ಮೀ. ಫೋಕಲ್ ಲೆಂಗ್ತ್, ಮೇಜಿನ ಮೇಲೆ ಇಡುವ ಚಿಕ್ಕ ಡಾಬ್ಸೋನಿಯನ್. ಕನ್ನಡಿ ಪ್ಯಾರಾಬೋಲಿಕ್ ಹೌದೋ ಅಲ್ವೋ ಅಂತ ಕೇಳಬೇಕು. ತೂಕ ಆರೇಳು ಕೆಜಿ, ಹುಡುಗನೇ ಟೆರೇಸಿಗೆ ಎತ್ತಿಕೊಂಡು ಹೋಗಬಹುದು. 25ರ ಐಪೀಸಿನಲ್ಲಿ 26 ಪಟ್ಟು, 10ರಲ್ಲಿ 65 ಪಟ್ಟು. ಶನಿಯ ಉಂಗುರಕ್ಕೆ ಇಷ್ಟು ಸಾಕು. ಐಪೀಸಿನ ಬಾಯಿ ಒಂದೂಕಾಲು ಇಂಚಿನದ್ದೇ ಇರಲಿ, ಅದಕ್ಕಿಂತ ಸಣ್ಣದಾದರೆ ಮುಂದೆ ಒಳ್ಳೆಯ ಐಪೀಸ್ ಸಿಗುವುದು ಕಷ್ಟ. ಹೊಸತಕ್ಕೆ ಹಣ ಸಾಲದಿದ್ದರೆ ಸೆಕೆಂಡ್‌ಹ್ಯಾಂಡ್ ನೋಡಿ. ನಾನು ಈಗ ಬಳಸುವುದು ಅಂಥದ್ದೇ, ಹದಿನಾರು ಸಾವಿರಕ್ಕೆ ಸಿಕ್ಕಿದ್ದು. ಮೋಟಾರು, ಕಂಪ್ಯೂಟರ್ ಇದ್ದದ್ದು ಈ ಬಜೆಟಿನಲ್ಲಿ ಬೇಡ. ಹಣವೆಲ್ಲ ಅದಕ್ಕೇ ಹೋಗಿ ಕನ್ನಡಿ ಸಣ್ಣದಾಗುತ್ತದೆ. ನಕ್ಷತ್ರ ಹುಡುಕಲು ಫೋನಿನಲ್ಲಿ ಸ್ಟೆಲೇರಿಯಂ ಇದ್ದರೆ ಆಯಿತು. ಎಂಟು ಇಂಚಿನ ದೊಡ್ಡ ಡಾಬ್ಸೋನಿಯನ್ ಇನ್ನೂ ಚಂದ, ಆದರೆ ಇಪ್ಪತ್ತು ಕೆಜಿಯ ಹತ್ತಿರ ತೂಕ. ಎರಡು ಮಾಳಿಗೆ ಎತ್ತುವವರು ಯಾರು?

ಹತ್ತು ಸಾವಿರವೂ ಇಲ್ಲದವರು ಟೆಲಿಸ್ಕೋಪಿಗೆ ಹೋಗದೆ ಒಳ್ಳೆಯ 10×50 ಬೈನಾಕ್ಯುಲರ್ ತೆಗೆದುಕೊಳ್ಳಿ. ಹತ್ತು ಪಟ್ಟು, 50 ಮಿ.ಮೀ. ಅಗಲ. ಗೋಡೆಗೆ ಮೊಣಕೈ ಊರಿ ನೋಡಿದರೆ ಗುರುವಿನ ಚಂದ್ರರೂ ಕಾಣುತ್ತಾರೆ. ಇದರಲ್ಲೂ 90 ಪಟ್ಟಿನ ಝೂಮ್ ಎಂದು ಬರೆದದ್ದನ್ನು ಮುಟ್ಟಬೇಡಿ.

ಇನ್ನೊಂದು ವಿಷಯ ಮೊದಲೇ ಹೇಳದಿದ್ದರೆ ಎಷ್ಟು ಒಳ್ಳೆಯದು ತೆಗೆದರೂ ಮಕ್ಕಳಿಗೆ ಬೇಸರ ಬರುತ್ತದೆ. ಫೋಟೋದಲ್ಲಿ ಕಾಣುವ ಕೆಂಪು, ನೀಲಿ ಮೋಡಗಳು ಕಣ್ಣಿಗೆ ಕಾಣುವುದಿಲ್ಲ. ಅದು ಕ್ಯಾಮರಾ ಗಂಟೆಗಟ್ಟಲೆ ಬೆಳಕು ಕೂಡಿಸಿ ತೆಗೆದದ್ದು. ಓರಿಯನ್ ನೆಬ್ಯುಲಾ ಬೂದು ಹೊಗೆಯ ಹಾಗೆ ಇರುತ್ತದೆ, ಆಂಡ್ರೊಮಿಡಾ ಗೆಲಾಕ್ಸಿ ಒಂದು ಮಸುಕು. ಆದರೆ ಆ ಮಸುಕಿನ ಬೆಳಕು ಹೊರಟು 25 ಲಕ್ಷ ವರ್ಷ ಆಯಿತು ಎಂದು ತಿಳಿದು ನೋಡುವುದೇ ಬೇರೆ. 964ರಲ್ಲಿ ಅಬ್ದುರ್ರಹ್ಮಾನ್ ಅಸ್ಸೂಫೀ ತಮ್ಮ ಕಿತಾಬಿನಲ್ಲಿ ಅದನ್ನು ಸಣ್ಣ ಮೋಡ ಎಂದು ಗುರುತಿಸಿಟ್ಟಿದ್ದಾರೆ, ಬರಿಗಣ್ಣಲ್ಲಿ ನೋಡಿ. ಅರಬಿ ಕಲಿಯುವ ಮಕ್ಕಳಿಗೆ ಆಕಾಶ ಸುಲಭವೂ ಹೌದು. ರೈಜೆಲ್ ಅಂದರೆ ರಿಜ್ಲ್, ಕಾಲು. ಡೆನೆಬ್ ಅಂದರೆ ದನಬ್, ಬಾಲ. ಫೋಮಲ್‌ಹಾಟ್ ಫಮುಲ್ ಹೂತ್, ಮೀನಿನ ಬಾಯಿ. ಕೃತ್ತಿಕೆಗೆ ಅರಬಿಯಲ್ಲಿ ಸುರಯ್ಯಾ. ಆ ಹೆಸರಿನ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟಿದ್ದಾರೆ, ಅದು ಆಕಾಶದಲ್ಲಿ ಎಲ್ಲಿ ಉಂಟು ಎಂದು ಕೇಳಿದರೆ ಹೆಸರಿಟ್ಟವರಿಗೂ ಗೊತ್ತಿರುವುದಿಲ್ಲ. ಬೈನಾಕ್ಯುಲರಿನಲ್ಲಿ ತೋರಿಸಿ, ಖುಷಿಪಡುತ್ತಾರೆ.

ಶನಿಯ ಉಂಗುರ 2025ರಲ್ಲಿ ನಮ್ಮ ಕಡೆಗೆ ಅಂಚು ತಿರುಗಿಸಿ ಗೆರೆಯಷ್ಟೇ ಕಂಡಿತ್ತು. ಈಗ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ ಹೋಗುತ್ತದೆ, ಆದ್ದರಿಂದ ತೆಗೆದುಕೊಳ್ಳಲು ಇದು ಒಳ್ಳೆಯ ಕಾಲ. ಹಿಲಾಲ್ ನೋಡಲು ಟೆಲಿಸ್ಕೋಪ್ ಆಗುತ್ತದೋ ಎಂಬ ಮಸ್‌ಅಲಕ್ಕೆ ನಾನು ಹೋಗುವುದಿಲ್ಲ, ಅದು ಖಾಝಿಗಳಿಗೆ ಬಿಟ್ಟದ್ದು. ಒಂದು ಮಾತ್ರ ಹೇಳುತ್ತೇನೆ: ಸೂರ್ಯ ಪೂರ್ತಿ ಮುಳುಗುವ ಮೊದಲು ಆ ಕಡೆ ಟೆಲಿಸ್ಕೋಪ್ ತಿರುಗಿಸಲೇಬಾರದು. ಒಂದು ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಕೆಲವು ಪೆಟ್ಟಿಗೆಯಲ್ಲಿ ಐಪೀಸಿಗೆ ಸಿಕ್ಕಿಸುವ ಸಣ್ಣ ಕಪ್ಪು ಸೋಲಾರ್ ಫಿಲ್ಟರ್ ಕೊಡುತ್ತಾರೆ, ಅದು ಬಿಸಿಗೆ ಒಡೆಯುತ್ತದೆ. ಸಿಕ್ಕಿದ ದಿನವೇ ಬಿಸಾಡಿ. ಸೂರ್ಯನ ಫಿಲ್ಟರ್ ಕೊಳವೆಯ ಮುಂಬಾಯಿಗೇ ಮುಚ್ಚುವಂಥದ್ದು ಇರಬೇಕು. 2027ರ ಆಗಸ್ಟ್ 2ರಂದು ಜಿದ್ದಾ, ಮಕ್ಕಾದಲ್ಲಿ ಐದು ನಿಮಿಷಕ್ಕೂ ಹೆಚ್ಚು ಹೊತ್ತಿನ ಪೂರ್ಣ ಸೂರ್ಯಗ್ರಹಣ ಉಂಟು. ಅಲ್ಲಿರುವ ನಮ್ಮವರು ಇದನ್ನು ನೆನಪಿಟ್ಟುಕೊಳ್ಳಲಿ.

ಹಣ ಕೊಡುವ ಮೊದಲು ಒಮ್ಮೆ ಬೇರೆಯವರ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವುದು ಒಳ್ಳೆಯದು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘದವರು ಆಕಾಶ ವೀಕ್ಷಣೆ ಕಾರ್ಯಕ್ರಮ ಮಾಡುತ್ತಾರೆ. ಪಿಲಿಕುಳದಲ್ಲಿ ತಾರಾಲಯ ಉಂಟು, ಮಕ್ಕಳಿಗೆ ನಕ್ಷತ್ರಗಳ ಪರಿಚಯ ಅಲ್ಲಿಂದಲೇ ಶುರುವಾಗಲಿ.

ಮತ್ತೆ ನಮ್ಮ ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಇಲ್ಲ, ಅದು ಹೋಗಲಿ. ಆ ತೇವಕ್ಕೆ ಲೆನ್ಸಿನಲ್ಲಿ ಫಂಗಸ್ ಹಿಡಿಯುತ್ತದೆ. ಒಮ್ಮೆ ಹಿಡಿದರೆ ಜೇಡರ ಬಲೆಯ ಹಾಗೆ ಹಬ್ಬಿ ಗಾಜನ್ನೇ ತಿನ್ನುತ್ತದೆ. ಐಪೀಸುಗಳನ್ನು ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಕನ್ನಡಿಗೆ ಧೂಳು ಕೂತಿತೆಂದು ಲುಂಗಿಯ ತುದಿಯಲ್ಲಿ ಒರೆಸಲು ಹೋಗಬೇಡಿ, ಅಲ್ಯೂಮಿನಿಯಂ ಲೇಪಕ್ಕೆ ಗೀರು ಬೀಳುತ್ತದೆ. ಸ್ವಲ್ಪ ಧೂಳಿನಿಂದ ನೋಟಕ್ಕೆ ಎಂತದೂ ಆಗುವುದಿಲ್ಲ.

ಆ ಹುಡುಗನ ಉಪ್ಪ ಮೊದಲು ಅಲ್ಲಿಂದಲೇ ತರುತ್ತೇನೆ ಎಂದಿದ್ದರು. ವಿಮಾನದ ಲಗೇಜಿನಲ್ಲಿ ಕನ್ನಡಿಗೆ ಪೆಟ್ಟಾದರೆ ಕೇಳುವವರಿಲ್ಲ, ಇಲ್ಲೇ ತೆಗೆಯಿರಿ ಅಂದೆ. 130ರದ್ದು ಬಂತು. ಮೊದಲ ರಾತ್ರಿ ಪ್ಲಾಸ್ಟಿಕ್ ಸ್ಟೂಲಿನ ಮೇಲಿಟ್ಟು, ಅಲುಗಾಡುತ್ತದೆ ಎಂದು ನನಗೆ ಫೋನ್ ಮಾಡಿದ. ಈಗ ನೀರಿನ ಟ್ಯಾಂಕಿನ ಕಾಂಕ್ರೀಟ್ ಕಟ್ಟೆಯ ಮೇಲೆ ಇಡುತ್ತಾನೆ. ಶನಿಯನ್ನು ಮೊದಲು ನೋಡಿದ್ದು ಅವನ ಉಮ್ಮ. “ಇದು ಒಳಗೆ ಅಂಟಿಸಿದ ಚಿತ್ರ ಅಲ್ವಾ?” ಅಂತ ಕೇಳಿದರಂತೆ. ಹಳೆಯ 60ರದ್ದು ಈಗ ತಂಗಿಯ ಪಾಲಿಗೆ, ಕಲ್ಲಿನ ತೊಟ್ಟೆ ಸಮೇತ.