ಹೆದರುವ ನಾಯಿಮರಿಗೆ ಧೈರ್ಯ ಬರಿಸುವುದು ಹೇಗೆ?

ಬಿಳಿಗೆರೆಯ ನಮ್ಮ ತೋಟದ ಕಾವಲಿಗೆಂದು ಅಬ್ಬಾ ಎರಡು ತಿಂಗಳ ನಾಯಿಮರಿ ತಂದರು. ಹೆಸರು ಮೋತಿ. ತೆಂಗಿನಕಾಯಿ ಧೊಪ್ಪನೆ ಬಿದ್ದರೆ ಸಾಕು, ಶೆಡ್ಡಿನ ಮೂಲೆ ಸೇರಿ ನಡುಗುತ್ತಿತ್ತು. ಅಭ್ಯಾಸವಾಗಲಿ ಎಂದು ನಾನು ಅದನ್ನು ಎತ್ತಿಕೊಂಡು ಹೋಗಿ, ಕಾಯಿ ಸುಲಿದು ರಾಶಿ ಹಾಕುವ ಕಡೆ ಬಿಟ್ಟೆ. ಅದು ನನ್ನ ಕೈಗೇ ಬಾಯಿ ಹಾಕಿ ಓಡಿತು. ಎರಡು ದಿನ ಹತ್ತಿರ ಬರಲಿಲ್ಲ. ತಪ್ಪು ನನ್ನದು.

ನಾಯಿಯ ಕಿವಿ ನಮ್ಮದಕ್ಕಿಂತ ಬಹಳ ಚುರುಕು. ಮನುಷ್ಯನಿಗೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿಸಿದರೆ ನಾಯಿಗೆ ಸುಮಾರು 45,000ದವರೆಗೆ ಕೇಳಿಸುತ್ತದೆ. ವಯಸ್ಸೂ ಮುಖ್ಯ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ನಾಯಿಮರಿಗಳನ್ನು ಗಮನಿಸಿ 1965ರಲ್ಲಿ ಪುಸ್ತಕ ಪ್ರಕಟಿಸಿದರು. ಸುಮಾರು 3ರಿಂದ 12 ವಾರದೊಳಗೆ ಮರಿ ಕಂಡು ಕೇಳಿದ್ದು ಅದಕ್ಕೆ ಮುಂದೆ ಸಹಜವಾಗುತ್ತದೆ. ಆಗ ಹೆದರಿಸಿದರೆ ಆ ಹೆದರಿಕೆಯೂ ಉಳಿಯಬಹುದು.

ನಂತರ ನಾವು ಮಾಡಿದ್ದು ಇಷ್ಟು. ಸದ್ದು ಸಣ್ಣಗೆ ಕೇಳುವಷ್ಟು ದೂರದಲ್ಲಿ ಮೋತಿಯ ಜೊತೆ ಕೂತೆವು. ಒಂದೊಂದು ಸದ್ದಿಗೆ ಮೂಳೆಯಿಲ್ಲದ ಕೋಳಿಯ ಒಂದು ಚೂರು. ಅದು ನೆಮ್ಮದಿಯಾಗಿ ತಿಂದರೆ ಮರುದಿನ ನಾಲ್ಕು ಹೆಜ್ಜೆ ಹತ್ತಿರ. ತಿನ್ನದೆ ಬಾಲ ಮುದುರಿದರೆ ಮತ್ತೆ ಹಿಂದಕ್ಕೆ. ದಿನಕ್ಕೆ ಐದೇ ನಿಮಿಷ. ಎಳೆಯುವುದಿಲ್ಲ, ಬೈಯುವುದಿಲ್ಲ. ಓಡಿಹೋಗಲು ದಾರಿ ಸದಾ ತೆರೆದಿರಬೇಕು. ಹೆದರಿ ನಮ್ಮ ಬಳಿ ಬಂದರೆ ತಲೆ ಸವರಬಹುದು. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಒಂದು ದಿನದ ಅವಸರ ವಾರದ ಜಮೆಯನ್ನೆಲ್ಲ ಖರ್ಚು ಮಾಡಿಬಿಡುತ್ತದೆ.

ಮೂರು ವಾರದ ನಂತರ ಮೋತಿ ಕಾಯಿ ಸುಲಿಯುವ ಅಣ್ಣನ ಪಕ್ಕದಲ್ಲೇ ಮಲಗತೊಡಗಿತು. ಪಟಾಕಿಗೆ ಈಗಲೂ ಹೆದರುತ್ತದೆ. ಆಗ ಶೆಡ್ಡಿನಲ್ಲಿ ಗೋಣಿಚೀಲ ಹಾಸಿ ಬಾಗಿಲು ಮುಂದೆ ಮಾಡುತ್ತೇವೆ.

ಇದು ಮುದ್ದಿನ ವಿಷಯ ಮಾತ್ರವಲ್ಲ. ಹೆದರಿದ ನಾಯಿಯೇ ಬೇಗ ಕಚ್ಚುತ್ತದೆ. ಮರಿಗೆ ಮೂರು ತಿಂಗಳಾದಾಗ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿ. ಹಲ್ಲು ತಾಗಿದರೆ ಸೋಪು ಹಚ್ಚಿ 15 ನಿಮಿಷ ನೀರಿನಲ್ಲಿ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ. ನಾನೂ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡೆ.

ನಮ್ಮ ಮನೆಯೊಳಗೆ ನಾಯಿ ಬರುವುದಿಲ್ಲ. ಆದರೂ ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದವನನ್ನು ಅಲ್ಲಾಹನು ಕ್ಷಮಿಸಿದ ಕಥೆಯನ್ನು ನಾನಿ ಆಗಾಗ ಹೇಳುತ್ತಾರೆ. ನಿಮ್ಮ ಬೀದಿಯಲ್ಲೂ ಒಂದು ಹೆದರುವ ಮರಿ ಇರಬಹುದು. ಕಲ್ಲು ಎತ್ತಬೇಡಿ, ನೀರಿಟ್ಟು ದೂರ ನಿಲ್ಲಿ. ಅದೇ ಹತ್ತಿರ ಬರಲಿ.