ಹಳದಿ ದೀಪದ ನ್ಯಾಯ

ನಾಲ್ಕು ದಾರಿಗಳು ಕೂಡುವೆಡೆಯಲ್ಲಿ ನಿಂತ ದೀಪದ ಕಂಬದ ಮಾತು ಬಹಳ ಮಿತವಾದುದು. ಕೆಂಪು ‘ನಿಲ್ಲು’ ಎನ್ನುತ್ತದೆ, ಹಸುರು ‘ಹೋಗು’ ಎನ್ನುತ್ತದೆ. ಈ ಎರಡು ಆಜ್ಞೆಗಳಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಸಂದೇಹವೆಲ್ಲ ನಡುವಣ ಹಳದಿಯದು. ಅದು ಬೆಳಗಿದೊಡನೆ ವಾಹನ ನಡೆಸುವವನು ತನ್ನ ವೇಗವನ್ನೂ ಮುಂದಿನ ಗೆರೆಗಿರುವ ದೂರವನ್ನೂ ಕ್ಷಣಾರ್ಧದಲ್ಲಿ ತೂಗಿ, ನಿಲ್ಲಬೇಕೋ ಸಾಗಬೇಕೋ ಎಂಬುದನ್ನು ತಾನೇ ತೀರ್ಮಾನಿಸಬೇಕು. ಕೆಂಪು ದೀಪವನ್ನು ಮೀರಿದನೆಂದು ಒಬ್ಬನಿಗೆ ದಂಡ ಬಿದ್ದರೆ ನಾವೆಲ್ಲ ಕೆಂಪನ್ನು ಕುರಿತೇ ಮಾತನಾಡುತ್ತೇವೆ. ಎಷ್ಟೋ ವೇಳೆ ವ್ಯಾಜ್ಯದ ಬೇರು ಇರುವುದು ಅದಕ್ಕೆ ಮುಂಚಿನ ಆ ಮೂರು ನಾಲ್ಕು ಸೆಕೆಂಡುಗಳ ಹಳದಿಯಲ್ಲಿ.

ಇಂಥದೊಂದು ವ್ಯಾಜ್ಯ ಅಮೆರಿಕದ ಆರೆಗಾನ್ ರಾಜ್ಯದ ಬೀವರ್ಟನ್ ಎಂಬ ಊರಿನಲ್ಲಿ ಹುಟ್ಟಿತು. ಮ್ಯಾಟ್ಸ್ ಯಾರ್ಲ್‌ಸ್ಟ್ರಾಮ್ ಅಲ್ಲಿ ನೆಲಸಿದ ಸ್ವೀಡನ್ ಮೂಲದವರು. ಸ್ವೀಡನ್ನಿನಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಕಲಿತವರು. 2013ರಲ್ಲಿ ಅವರ ಪತ್ನಿ ಕೆಂಪು ದೀಪ ದಾಟಿದರೆಂದು, ಚೌಕದ ಕ್ಯಾಮೆರಾ ತೆಗೆದ ಚಿತ್ರದ ಆಧಾರದ ಮೇಲೆ, ದಂಡದ ನೋಟೀಸು ಬಂದಿತು. ಇಂಥ ಸಂದರ್ಭದಲ್ಲಿ ಬಹುಮಂದಿ ಗೊಣಗುತ್ತ ಹಣ ಕಟ್ಟುತ್ತಾರೆ; ಕೆಲವರು ಕ್ಯಾಮೆರಾವನ್ನು ದೂರುತ್ತಾರೆ. ಯಾರ್ಲ್‌ಸ್ಟ್ರಾಮ್ ಅವರಿಗೆ ಹೊಳೆದ ಪ್ರಶ್ನೆ ಬೇರೆಯದು: ಹಳದಿ ದೀಪ ಇಷ್ಟೇ ಹೊತ್ತು ಉರಿಯಬೇಕೆಂದು ನಿಶ್ಚಯಿಸಿದವರು ಯಾರು, ಯಾವ ಲೆಕ್ಕದಿಂದ?

ಆ ಲೆಕ್ಕಕ್ಕೆ ಒಂದು ಕುಲೀನವಾದ ಚರಿತ್ರೆಯಿದೆ. 1960ರಲ್ಲಿ ಡೆನೋಸ್ ಗಾಜಿಸ್, ರಾಬರ್ಟ್ ಹರ್ಮನ್, ಅಲೆಕ್ಸೈ ಮರದೂದಿನ್ ಎಂಬ ಮೂವರು ವಿಜ್ಞಾನಿಗಳು ಹಳದಿ ದೀಪದ ಸಮಸ್ಯೆಯನ್ನೇ ವಿಷಯವಾಗಿಟ್ಟುಕೊಂಡು ಒಂದು ಪ್ರಬಂಧ ಪ್ರಕಟಿಸಿದರು. ಇವರಲ್ಲಿ ಹರ್ಮನ್ ಸಾಮಾನ್ಯರಲ್ಲ. ವಿಶ್ವದ ಆದಿಸ್ಫೋಟದ ಬಿಸಿಯ ಶೇಷ ಇಂದಿಗೂ ಆಕಾಶದಲ್ಲಿ ಉಳಿದಿರಬೇಕೆಂದು 1948ರಲ್ಲಿ ರಾಲ್ಫ್ ಆಲ್ಫರರೊಡನೆ ಸೇರಿ ಗಣಿಸಿ ಹೇಳಿದವರು. ಬ್ರಹ್ಮಾಂಡದ ಆದಿಯನ್ನು ಅಳೆದ ಬುದ್ಧಿ ಬೀದಿಯ ದೀಪಕ್ಕೆ ಇಳಿದುಬಂದದ್ದರಲ್ಲಿ ವಿನೋದವೂ ಇದೆ, ವಿನಯವೂ ಇದೆ. ಸಿಗ್ನಲ್ಲಿನ ಕಾನೂನು ಮನುಷ್ಯನಿಂದ ಅಸಾಧ್ಯವಾದುದನ್ನು ಕೇಳುತ್ತಿಲ್ಲವಷ್ಟೆ ಎಂಬುದನ್ನು ಈ ಮೂವರು ಪರೀಕ್ಷಿಸಿದರು.

ಅವರ ತರ್ಕವನ್ನು ಗಣಿತದ ಸಂಕೇತಗಳಿಲ್ಲದೆಯೇ ಹೇಳಬಹುದು. ಗಂಟೆಗೆ ಸುಮಾರು 48 ಕಿಲೋಮೀಟರು ವೇಗದಲ್ಲಿ ಬರುತ್ತಿರುವ ಕಾರನ್ನು ಊಹಿಸಿಕೊಳ್ಳಿ. ಹಳದಿ ಕಂಡು ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಒಂದು ಸೆಕೆಂಡು. ಅಷ್ಟರಲ್ಲಿ ಕಾರು 13 ಮೀಟರಿಗೂ ಹೆಚ್ಚು ದೂರ ಬಂದಿರುತ್ತದೆ. ಅಲ್ಲಿಂದ ಹದವಾಗಿ ಬ್ರೇಕು ಒತ್ತಿ ನಿಲ್ಲಿಸಲು ಇನ್ನೂ ಸುಮಾರು 30 ಮೀಟರು ಬೇಕು. ಒಟ್ಟಿನಲ್ಲಿ 43 ಮೀಟರು. ಗೆರೆಯಿಂದ ಇದಕ್ಕೆ ಹೆಚ್ಚು ದೂರದಲ್ಲಿರುವವನು ನಿಲ್ಲಬಲ್ಲ. ಇದಕ್ಕೆ ಹತ್ತಿರದಲ್ಲಿರುವವನು ಸುರಕ್ಷಿತವಾಗಿ ನಿಲ್ಲಲಾರ. ಅವನಿಗೆ ಸಾಗುವುದೊಂದೇ ದಾರಿ. ಹಾಗಾದರೆ ಆ 43 ಮೀಟರನ್ನು ಅದೇ ವೇಗದಲ್ಲಿ ದಾಟಲು ಬೇಕಾಗುವ 3.2 ಸೆಕೆಂಡುಗಳಷ್ಟು ಕಾಲವಾದರೂ ಹಳದಿ ಉರಿಯಬೇಕು. ಅದಕ್ಕಿಂತ ಕಡಮೆಯಾದರೆ ನಿಲ್ಲಲೂ ಆಗದ, ಸಾಗಲೂ ಆಗದ ಒಂದು ತ್ರಿಶಂಕು ಸ್ಥಿತಿ ರಸ್ತೆಯ ಮೇಲೆ ಏರ್ಪಡುತ್ತದೆ.

ಈ ಸೂತ್ರ ಅಮೆರಿಕದ ಊರೂರುಗಳ ಸಿಗ್ನಲ್ಲುಗಳಿಗೆ ಆಧಾರವಾಯಿತು. ಯಾರ್ಲ್‌ಸ್ಟ್ರಾಮ್ ಅವರು ಅದನ್ನು ಅಧ್ಯಯನ ಮಾಡಿ ಕಂಡುಕೊಂಡ ಸಂಗತಿ ಇದು: ಸೂತ್ರವೇನೋ ಸರಿಯಾಗಿಯೇ ಇದೆ, ಆದರೆ ಅದು ನೇರ ಸಾಗುವವನಿಗೆ ಮಾತ್ರ ಸಲ್ಲುತ್ತದೆ. ಚೌಕದಲ್ಲಿ ತಿರುಗಬೇಕಾದವನು ಅದೇ ವೇಗದಲ್ಲಿ ಬಂದರೆ ಕಾರು ಮಗುಚಿಕೊಂಡೀತು. ಅವನು ಮೊದಲೇ ನಿಧಾನಿಸಲೇಬೇಕು. ಗಂಟೆಗೆ 20 ಕಿಲೋಮೀಟರಿಗೆ ವೇಗ ಇಳಿಸಿಕೊಂಡು ಬರುವವನಿಗೆ ಅದೇ 43 ಮೀಟರು ಕ್ರಮಿಸಲು ಸುಮಾರು ನಾಲ್ಕೂವರೆ ಸೆಕೆಂಡು ಹಿಡಿಯುತ್ತದೆ. ದೀಪವೋ 3.2 ಸೆಕೆಂಡಿಗೇ ಕೆಂಪಾಗುತ್ತದೆ. ಎಚ್ಚರಿಕೆಯಿಂದ ನಡೆದುಕೊಂಡವನೇ ಅಪರಾಧಿಯಾಗುತ್ತಾನೆ. ಆರೆಗಾನಿನ ಶಾಸನವಾದರೋ, ಹಳದಿ ಕಂಡಾಗ ನಿಲ್ಲಬೇಕೆಂದು ವಿಧಿಸಿದರೂ, ಸುರಕ್ಷಿತವಾಗಿ ನಿಲ್ಲಲಾಗದವನು ಎಚ್ಚರಿಕೆಯಿಂದ ಮುಂದೆ ಸಾಗಬಹುದೆಂದು ಒಪ್ಪುತ್ತದೆ. ಶಾಸನ ಕೊಟ್ಟ ಅವಕಾಶವನ್ನು ಗಡಿಯಾರ ಕಿತ್ತುಕೊಂಡಂತಾಯಿತು.

ಇಲ್ಲಿಂದ ಮುಂದಿನ ಕಥೆ ವಿಚಿತ್ರ ತಿರುವು ಪಡೆಯಿತು. ನಗರದ ಮೇಲೆ ಅವರು ಹೂಡಿದ ದಾವೆ ವಜಾ ಆಯಿತು. 2014ರಲ್ಲಿ ಅವರು ತಮ್ಮ ವಿಚಾರವನ್ನು ರಾಜ್ಯದ ಇಂಜಿನಿಯರಿಂಗ್ ಮತ್ತು ಭೂಮಾಪನ ಪರೀಕ್ಷಕ ಮಂಡಲಿಗೆ ಬರೆದು ತಿಳಿಸಿದರು. ಮಂಡಲಿಯ ಕಣ್ಣಿಗೆ ಲೆಕ್ಕ ಬೀಳಲಿಲ್ಲ. ಬರೆದಾತ ತನ್ನನ್ನು ಇಂಜಿನಿಯರೆಂದು ಕರೆದುಕೊಂಡದ್ದು ಬಿತ್ತು. ರಾಜ್ಯದ ಪರವಾನಗಿಯಿಲ್ಲದೆ ಇಂಜಿನಿಯರಿಂಗ್ ವೃತ್ತಿ ನಡೆಸಿದರೆಂದು ವಿಚಾರಣೆ ನಡೆಸಿ, 500 ಡಾಲರು ದಂಡ ಹಾಕಿತು. ಕೆಂಪು ದೀಪದ ದಂಡವನ್ನು ಪ್ರಶ್ನಿಸ ಹೊರಟವರಿಗೆ ಪ್ರಶ್ನಿಸಿದ್ದಕ್ಕೇ ಎರಡನೆಯ ದಂಡ.

ಯಾರ್ಲ್‌ಸ್ಟ್ರಾಮ್ 2017ರಲ್ಲಿ ಫೆಡರಲ್ ನ್ಯಾಯಾಲಯದ ಬಾಗಿಲು ತಟ್ಟಿದರು. ದಂಡ ವಿಧಿಸಿದ್ದು ಅವರ ವಾಕ್‌ಸ್ವಾತಂತ್ರ್ಯಕ್ಕೆ ಭಂಗವೆಂದು ಮಂಡಲಿಯೇ ಒಪ್ಪಿಕೊಂಡು ಹಣವನ್ನು ಮರಳಿಸಿತು. ಅಷ್ಟಕ್ಕೆ ಅವರು ತೃಪ್ತರಾಗಲಿಲ್ಲ. ತಮ್ಮೊಬ್ಬರಿಗೆ ದೊರೆತ ವಿನಾಯಿತಿ ಎಲ್ಲರಿಗೂ ಹಕ್ಕಾಗಿ ದೊರೆಯಬೇಕೆಂದು ವಾದವನ್ನು ಮುಂದುವರಿಸಿದರು. 2018ರ ಡಿಸೆಂಬರಿನಲ್ಲಿ ನ್ಯಾಯಾಧೀಶೆ ಸ್ಟೇಸಿ ಬೆಕರ್ಮನ್ ತೀರ್ಪು ನೀಡಿ, ‘ಇಂಜಿನಿಯರ್’ ಎಂಬ ಬರಿಯ ಶಬ್ದವನ್ನು ಪರವಾನಗಿ ಪಡೆದವರ ಸ್ವತ್ತಾಗಿಸುವ ನಿಯಮ ಸಂವಿಧಾನಕ್ಕೆ ಒಪ್ಪುವಂಥದಲ್ಲವೆಂದರು. ಗಣಿತದ ಪಾಡೇನಾಯಿತು? 1960ರ ಪ್ರಬಂಧದ ಮೂವರು ಕರ್ತೃಗಳಲ್ಲಿ ಆಗ ಬದುಕಿದ್ದವರು ಮರದೂದಿನ್ ಒಬ್ಬರೇ. ತಮ್ಮ ಸೂತ್ರ ತಿರುಗುವ ವಾಹನಗಳಿಗೆ ಅನ್ವಯಿಸದೆಂಬ ಮಾತಿಗೆ ಅವರು ಸಮ್ಮತಿ ಸೂಚಿಸಿದರು. 2020ರಲ್ಲಿ ಅಮೆರಿಕದ ಸಾರಿಗೆ ಇಂಜಿನಿಯರುಗಳ ಸಂಸ್ಥೆ ಹೊರಡಿಸಿದ ಹೊಸ ಮಾರ್ಗದರ್ಶನದಲ್ಲಿ ವಿಸ್ತರಿಸಿದ ಸೂತ್ರಕ್ಕೆ ಸ್ಥಾನ ದೊರೆಯಿತು.

ಇದನ್ನೋದಿ, ಕೆಂಪು ದೀಪ ಮೀರಿದವರೆಲ್ಲ ಅನ್ಯಾಯಕ್ಕೆ ಗುರಿಯಾದವರೆಂದು ಯಾರೂ ಭಾವಿಸಬಾರದು. 2022ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಕೆಂಪು ದೀಪ ಮೀರಿ ಆದ ಅಪಘಾತಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹಳದಿ ಕಂಡೊಡನೆ ವೇಗ ಏರಿಸುವ ಉದ್ಧಟನಿಗೆ ಈ ಕಥೆ ನೆರಳಾಗಲಾರದು. ಇಲ್ಲಿ ಪ್ರಶ್ನೆ ಬಂದದ್ದು ವೇಗ ಇಳಿಸಿದವನ ಪರವಾಗಿ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲವೆಂಬುದೂ ದಿಟ. ಆದರೆ ಅದು ಹೇಳುವ ಸತ್ಯ ಒಂದೇ: ದೀಪ ಕೆಂಪಾಗಿತ್ತು, ಕಾರು ಗೆರೆ ದಾಟಿತು. ದೀಪ ಸಕಾಲದಲ್ಲಿ ಕೆಂಪಾಯಿತೆ ಎಂಬುದನ್ನು ಕ್ಯಾಮೆರಾ ಅರಿಯದು. ಅದನ್ನು ಮನುಷ್ಯನೇ ಕೇಳಬೇಕು, ಮನುಷ್ಯನೇ ಉತ್ತರಿಸಬೇಕು.

ಅಂಗಡಿಯಲ್ಲಿ ತೂಕ ಕಡಮೆಯೆನಿಸಿದಾಗ ಗಿರಾಕಿ ತಕ್ಕಡಿಯನ್ನು ಪರೀಕ್ಷಿಸುವುದುಂಟು. ಅದನ್ನು ಯಾರೂ ಕಳ್ಳತನವೆನ್ನುವುದಿಲ್ಲ. ದಂಡವನ್ನು ಪ್ರಶ್ನಿಸುವವನೂ ಹಲವು ವೇಳೆ ಅಂಥ ಗಿರಾಕಿಯೇ. ಅರುವತ್ತು ವರ್ಷ ಲಕ್ಷಾಂತರ ಜನ ಅದೇ ತಕ್ಕಡಿಯ ಮುಂದೆ ಹಾದುಹೋದರು. ಒಬ್ಬರು ನಿಂತು ಅದರ ಮುಳ್ಳನ್ನು ನೋಡಿದರು. ಆಮೇಲೆ ತಿಳಿದವರೂ ನೋಡಿ ಹೌದೆಂದರು.