ಮುಂಜಾನೆ ಏಳಕ್ಕೆ ಮಿರ್ಚಿ ಮಾರಿದವರಾರು?

ಕೊಪ್ಪಳದಿಂದ ಹೊಸಪೇಟೆ ಕಡೆ ಹೊರಟರೆ ಗಿಣಿಗೇರಾ ಹತ್ತಿರಾದಂತೆ ಲಾರಿಗಳು ದಟ್ಟವಾಗುತ್ತವೆ. ಉಕ್ಕಿನ ಕಾರ್ಖಾನೆಗಳ ಊರು. ಗುಂತಕಲ್–ಹುಬ್ಬಳ್ಳಿ ರೈಲು ಮಾರ್ಗದಿಂದ ಗಂಗಾವತಿ ಕಡೆಯ ಹಳಿ ಕವಲೊಡೆಯುವುದೂ ಇಲ್ಲೇ. ಪಾಳಿ ಬಿಟ್ಟಾಗ ಹೋಟೆಲುಗಳಲ್ಲಿ ಕಾಲಿಡಲು ಜಾಗವಿರದು. ಹೆದ್ದಾರಿ ಬದಿಯ ಅಂಥದೊಂದು ಹೋಟೆಲಿನ ಗಲ್ಲಾದ ಪಕ್ಕ ಕೂತೆ, ಬಿಲ್ಲಿನ ತಪ್ಪುಗಳು ಹೇಗೆ ಸಿಕ್ಕಿಬೀಳುತ್ತವೆ ನೋಡೋಣವೆಂದು.

ಪುಟ್ಟ ಮಷೀನು. ಪ್ರತಿ ತಿಂಡಿಗೂ ಒಂದು ನಂಬರು. ಹುಡುಗ ದೂರದಿಂದಲೇ ಕೂಗುತ್ತಾನೆ, ಗಲ್ಲಾದವರು ಕುಟ್ಟುತ್ತಾರೆ, ಚೀಟಿ ಹೊರಬರುತ್ತದೆ. ರಾತ್ರಿ ದಿನದ ಮೊತ್ತ ತೆಗೆದು, ನಗದನ್ನೂ ಕ್ಯೂಆರ್‌ಗೆ ಬಂದದ್ದನ್ನೂ ಕೂಡಿ ತಾಳೆ ನೋಡುತ್ತಾರೆ.

"ರೊಕ್ಕ ಕಡಿಮಿ ಬಿದ್ರ ಅವತ್ತ ರಾತ್ರಿ ಗೊತ್ತಾಕ್ಕೈತ್ರಿ. ರೊಕ್ಕ ಸರಿ ಇದ್ದು ಲೆಕ್ಕ ತಪ್ಪಿದ್ರ ಯಾರ ಹುಡುಕ್ತಾರ?" ಎಂದರು ಮಾಲೀಕರು.

ಅಂಥದೊಂದನ್ನು ಹುಡುಕಿದ್ದು ಅಡುಗೆಯವರು. ವಡಾದ ಹಿಟ್ಟು ದಿನಾ ಮುಗಿಯುತ್ತಿತ್ತು, ಮಷೀನಿನಲ್ಲಿ ವಡಾ ಅರ್ಧದಷ್ಟೂ ಮಾರಿರಲಿಲ್ಲ. ಅವರು ಗಂಟೆವಾರು ಚೀಟಿ ತೆಗೆಸಿದರು. "ನಾ ಮಿರ್ಚಿ ಕಡಾಯಿ ಇಡೂದ ಸಂಜಿ ನಾಕಕ್ಕ. ಮುಂಜಾನೆ ಏಳಕ್ಕ ಇಷ್ಟ ಮಿರ್ಚಿ ಯಾರ ಮಾರಿದ್ರು?" ವಡಾಕ್ಕೆ 14, ಮಿರ್ಚಿಗೆ 41. ದರ ಎರಡಕ್ಕೂ ಒಂದೇ. ಅವಸರದಲ್ಲಿ ನಂಬರು ತಿರುಗುಮುರುಗಾದರೂ ಗಲ್ಲಾ ತಾಳೆಯಾಗುತ್ತಲೇ ಇತ್ತು.

ತೆರಿಗೆಯಲ್ಲೂ ಇಂಥದೇ ಒಂದು ಮರೆ ಇದೆ. ವರ್ಷಕ್ಕೆ 1.5 ಕೋಟಿ ರೂಪಾಯಿವರೆಗೆ ವಹಿವಾಟಿರುವ ಹೋಟೆಲು ಕಾಂಪೋಸಿಷನ್ ಪದ್ಧತಿಗೆ ಬಂದರೆ ಶೇ 5 ಕಟ್ಟಬೇಕು, ಆದರೆ ಸ್ವಂತ ಜೇಬಿನಿಂದ. ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಮಾಮೂಲಿ ಹೋಟೆಲುಗಳ ದರವೂ 2017ರ ನವೆಂಬರ್ 15ರಿಂದ ಶೇ 5ಕ್ಕೇ ಇಳಿದಿರುವುದರಿಂದ, ಮಷೀನಿನಲ್ಲಿ ಮೊದಲೇ ತುಂಬಿದ ನಮೂನೆ 2.5 ಮತ್ತು 2.5 ಎಂದು ಅಚ್ಚು ಹಾಕಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಇಲ್ಲಿ ಅದು ಕಣ್ಣಿಗೆ ಬಿದ್ದದ್ದು ಊಟಕ್ಕೆ ಬಂದ ಒಬ್ಬ ಲೆಕ್ಕಿಗರಿಗೆ. ಬಿಲ್ಲನ್ನು ಓದುವ ಗಿರಾಕಿಗಳೂ ಇದ್ದಾರಲ್ಲ!

ಮಷೀನು ಬಂದದ್ದೇ 2025ರ ಜುಲೈ ಗದ್ದಲದ ನಂತರ. ವಾಣಿಜ್ಯ ತೆರಿಗೆ ಇಲಾಖೆ 2021–22ರಿಂದ ಈಚಿನ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ನೋಂದಣಿಯ ಮಿತಿ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ. ಅನೇಕ ಅಂಗಡಿಗಳ ಮುಂದೆ 'ನಗದು ಮಾತ್ರ' ಬೋರ್ಡು ಬಿತ್ತು. ಕೈಗಡ ವಾಪಸಾದದ್ದೂ ತೆರಿಗೆಯಿಲ್ಲದ ಹಾಲು, ತರಕಾರಿ ಮಾರಿದ್ದೂ ಆ ಮೊತ್ತದಲ್ಲೇ ಸೇರಿತ್ತೆಂದು ವ್ಯಾಪಾರಿಗಳು ವಾದಿಸಿದರು. ಬಿಲ್ಲಿಲ್ಲದೆ ಅದನ್ನು ತೋರಿಸುವುದು ಹೇಗೆ? ತೆರಿಗೆಯವರಿಗಿಂತ ಈ ಪ್ರಶ್ನೆಯೇ ಇವರನ್ನು ಮಷೀನು ಕೊಳ್ಳಿಸಿತು ಎಂಬುದು ನನ್ನ ಅಂದಾಜು.

ಇನ್ನು ಮಧ್ಯರಾತ್ರಿಯದು. ಮಷೀನಿಗೆ 12ಕ್ಕೆ ದಿನ ಮುಗಿಯುತ್ತದೆ, ಹೋಟೆಲಿಗೆ ಎರಡನೇ ಪಾಳಿಯವರು ಉಂಡೆದ್ದ ಮೇಲೆ. ಮಾರ್ಚ್ 31ರ ರಾತ್ರಿಯಾದರೆ ಅದೇ ಪಂಕ್ತಿಯ ಊಟ ಎರಡು ಹಣಕಾಸು ವರ್ಷಗಳಿಗೆ ಹಂಚಿಹೋಗುತ್ತದೆ. ಎಣಿಸಿದ ನಗದಿಗೂ ಚೀಟಿಗೂ ಹೊಂದದೆ ಹುಡುಗರ ಮೇಲೆ ಸುಮ್ಮನೆ ಅನುಮಾನ. ಈಗ 12 ಹೊಡೆದಾಗ ಗಲ್ಲಾದ ರೊಕ್ಕವನ್ನೆಲ್ಲ ಬೇರೆ ಡಬ್ಬಿಗೆ ಸುರಿದು ಹೊಸದಾಗಿ ಶುರು ಮಾಡುತ್ತಾರೆ. ಆ ಹೊತ್ತಿಗೆ ಎಲ್ಲ ಟೇಬಲ್ಲೂ ತುಂಬಿರುತ್ತವೆ, ಬಿಲ್ಲಿಗೆ ನಿಂತವರು ಬೈಯುತ್ತಾರೆ.